ಬೇಕು, ಬೆಕ್ಕು, ಒಂದು ಒತ್ತು

"ಕಡ್ಡಿ ಗೀರಬೇಡಿ. ನಾನು ಇಲ್ಲಿಂದ ಏಳಲ್ಲ."

ಹೊಗೆಸೊಪ್ಪು ಹದ ಮಾಡುವ ಬ್ಯಾರನ್ನಿನ ಒಲೆಬಾಯಿಗೆ ಅಡ್ಡವಾಗಿ, ಇಸ್ತ್ರಿ ಮಾಡಿದ ಸೀರೆಯಲ್ಲೇ ಕುಕ್ಕರಗಾಲಲ್ಲಿ ಕೂತಿದ್ದಳು ಆಶಾರಾಣಿ. ಹುಣಸೂರಿನ ಹೈಸ್ಕೂಲೊಂದರ ಕನ್ನಡ ಮೇಡಂ. ಪಾಠ ಮುಗಿಸಿ, ಆಟೋ ಹಿಡಿದು ನೇರವಾಗಿ ಈ ತೋಟಕ್ಕೇ ಬಂದಿದ್ದಳು.

ಎದುರಿಗೆ ತೋಟದ ಯಜಮಾನ ವಿರೂಪಾಕ್ಷ. ಕೈಯಲ್ಲಿ ಬೆಂಕಿಪೊಟ್ಟಣ.

"ಸೊಪ್ಪು ತುಂಬಿ ಆಗಿದೆ ಕಣ್ರೀ. ಬೆಂಕಿ ತಡ ಆದ್ರೆ ಬಣ್ಣ ಕೆಡುತ್ತೆ. ಯಾರು ನೀವು?"

"ಒಳಗೊಂದು ಬೆಕ್ಕಿನ ಮರಿ ಇದೆ."

ಸೊಪ್ಪು ಕಟ್ಟಲು ಬಂದಿದ್ದ ಚಿಕ್ಕಬೀರಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದಳು. "ಊಂ ಕಣಪ್ಪ, ನಾನೇ ಈ ಬೆಕ್ಕಿನ ಮೇಡಮ್ಮಂಗೆ ಪೋನ್ ಮಾಡಿದ್ದು. ತಾಯಿ ಬಸ್ಸಿಗೆ ಸಿಕ್ಕಿ ಸತ್ತೋಯ್ತು. ಮರಿ ಒಲೆ ಒಳೀಕೆ ಸೇರ್ಕೊಂಡದೆ. ನಿಂಗೇಳಿದ್ರೆ ಎಲ್ಲಿ ಕೇಳೀಯ?"

ಈಗ ಜಗಳಕ್ಕೆ ನಿಲ್ಲುತ್ತಾನೆ ಎಂದು ಆಶಾರಾಣಿ ಮಾತು ಮಸೆದುಕೊಂಡಳು. ಅವನು ಬೆಂಕಿಪೊಟ್ಟಣವನ್ನು ಜೇಬಿಗೆ ಹಾಕಿ, ಬೂದಿಯ ಮೇಲೇ ಮಕಾಡೆ ಮಲಗಿದ. ಒಲೆಬಾಯಿಗೆ ಮುಖವಿಟ್ಟು ಗಂಟಲಲ್ಲೇ ಸಣ್ಣಗೆ ಗುರುಗುಟ್ಟಿದ. ತಾಯಿಬೆಕ್ಕು ಮರಿಯನ್ನು ಹಾಲಿಗೆ ಕರೆಯುವ ದನಿ, ತದ್ರೂಪು!

ಎರಡು ನಿಮಿಷ... ಮಸಿಯ ಮುದ್ದೆಯೊಂದು ತೆವಳಿ ಬಂದು ಅವನ ಮೂಗು ನೆಕ್ಕಿತು.

"ಇದು ನಿಮ್ಮ ಮಾತೃಭಾಷೆನಾ?" ಎಂದಳು, ನಗು ತಡೆದು.

"ಕಾಲೇಜಿನ ಮಿಮಿಕ್ರಿ. ಪ್ರಿನ್ಸಿಪಾಲರ ದನಿ ಮಾಡಿ ಸಸ್ಪೆಂಡ್ ಆಗಿದ್ದೆ. ದನಿ ಕೇಳಿ ಯಾರಾದ್ರೂ ಮುದ್ದು ಮಾಡಿದ್ದು ಇದೇ ಮೊದಲು."

ಮರಿಗೆ ಕೆಂಡ ಎಂದು ಹೆಸರಾಯಿತು. ಆಶಾರಾಣಿಯ ಮನೆಯಲ್ಲಿ ಅದು ಹದಿನೇಳನೆಯದು.

ಕೆಂಡನನ್ನು ನೋಡುವ ನೆಪದಲ್ಲಿ ವಿರೂಪಾಕ್ಷ ಪ್ರತಿ ಭಾನುವಾರ ಬರತೊಡಗಿದ. ಮೂರು ಕಾಲಿನ 'ಮುಕ್ಕಾಲು', ಸರಗೂರಿನ ಬಸ್ಸಿನಲ್ಲಿ ಸಿಕ್ಕ 'ಟಿಕೆಟ್', ಹಾವಿನಂತೆ ಬುಸುಗುಟ್ಟುವ 'ಸಾಧ್ವಿ'... ಎಲ್ಲವುಗಳ ಪರಿಚಯವಾಯಿತು. ಬೆಕ್ಕನ್ನು ಟವೆಲಿನಲ್ಲಿ ಸುತ್ತಿ ಮಾತ್ರೆ ನುಂಗಿಸುವುದನ್ನೂ, ಕಣ್ಣಿಗೆ ಡ್ರಾಪ್ಸ್ ಬಿಡುವುದನ್ನೂ ಕಲಿತ. ಮೈಯೆಲ್ಲ ಪರಚಿಸಿಕೊಂಡು, "ಸಾಧ್ವಿ ಸಹಿ ಹಾಕಿದ್ದಾಳೆ. ಇನ್ನು ನಾನು ಈ ಮನೆಯ ರಿಜಿಸ್ಟರ್ಡ್ ಆಸ್ತಿ" ಎಂದ.

ಅಂದು ರಾತ್ರಿಯ ಊಟದ ಹೊತ್ತಿಗೆ ಆಶಾರಾಣಿಗೆ ಸ್ಪಷ್ಟವಾಗಿತ್ತು: 'ಇವನೇ.'

ತಾಯಿ ಪ್ರೇಮಮ್ಮನಿಗೆ ಮಾತ್ರ ಅಳುಕು. "ಹೋದ ಎರಡು ಸಂಬಂಧಕ್ಕೂ ನಿನ್ನ ಬೆಕ್ಕುಗಳೇ ಅಡ್ಡ ಹೋದ್ವು ಕಣೆ."

"ಅಡ್ಡ ಹೋಗಿದ್ದು ಒಳ್ಳೇದೇ ಆಯ್ತಮ್ಮ. ಬೆಕ್ಕು ಬಿಟ್ಟು ಬಾ ಅನ್ನೋರ ಮನೆಗೆ ನಾನು ಕಾಲಿಡಲ್ಲ. ಯಾರೇ ಆಗ್ಲಿ."

ಸೋದರಮಾವ ಕಂಠಪ್ಪ ಮಾತಾಡಲು ಹುಡುಗನ ಮನೆಗೆ ಹೋದರು. ಸಂಜೆ ಅವರಿಂದ ವಾಟ್ಸಾಪ್ ಬಂತು.

"ಕೇಳಿದೆ. ಹುಡುಗ ಹೇಳಿದ್ದು: ನಮ್ಮ ಕಡೆಯಿಂದ ಬೆಕ್ಕು ಬೇಡ ಏನೂ ಇಲ್ಲ."

ಬೆಕ್ಕು ಬೇಡ. ಇನ್ನೇನೂ ಬೇಡಿಕೆ ಇಲ್ಲ. ಅಷ್ಟೇ.

ಮುಕ್ಕಾಲು ತೊಡೆಯೇರಿ ಕೂತಿತು. ಅದರ ಬೆನ್ನು ಸವರುತ್ತ ಆಶಾರಾಣಿ ಆ ಸಾಲನ್ನೇ ಮತ್ತೆ ಮತ್ತೆ ಓದಿದಳು. ದಿನಕ್ಕೆ ನೂರು ಒತ್ತಕ್ಷರ ತಿದ್ದುವ ಮೇಡಂ, ಎದುರಿಗಿದ್ದ ಒಂದೇ ಒಂದು ಒತ್ತನ್ನು ನೋಡಲಿಲ್ಲ.

"ಆಗಲ್ಲ ಅಂದ್ಬಿಡಿ ಮಾವ" ಎಂದು ಕಳಿಸಿದಳು.

ಭಾನುವಾರ ವಿರೂಪಾಕ್ಷ ಬರಲಿಲ್ಲ. ಕೆಂಡ ಗೇಟಿನ ಬಳಿಯೇ ಮಧ್ಯಾಹ್ನದವರೆಗೂ ಕೂತಿತ್ತು.

'ನೀನು ಕಾಯಿ. ನಾನು ಕಾಯಲ್ಲ' ಎಂದುಕೊಂಡಳು. ತಾಯಿಯ ದನಿಯಲ್ಲಿ ಕರೆದವನು ಬೆಕ್ಕು ಬೇಡ ಎಂದದ್ದು ಯಾವ ಬಾಯಲ್ಲಿ? ಎದುರಿಗೆ ನಿಂತೇ ಕೇಳಬೇಕು.

ತೋಟದ ಮನೆಯ ಮುಂದೆ ಬೀಟೆಮರದ ಬಾಗಿಲು ಕಳಚಿ ಮಲಗಿತ್ತು. ಅದರ ಮುಂದೆ ವಿರೂಪಾಕ್ಷ, ಕೈಯಲ್ಲಿ ಗರಗಸ. ಬಾಗಿಲಿನ ಬುಡದಲ್ಲಿ ಗೇಣುದ್ದದ ಚೌಕ ತೂತು.

ಮಸೆದು ತಂದಿದ್ದ ಮಾತೆಲ್ಲ ಮರೆತುಹೋಯಿತು. "ಇದೇನು?"

ಅವನು ತಲೆ ಎತ್ತಲಿಲ್ಲ. "ಬೆಕ್ಕು ಓಡಾಡೋಕೆ. ನಿಮ್ಮ ಉತ್ತರ ಬರೋಕೆ ಮುಂಚೆ ಶುರು ಮಾಡಿದ್ದೆ. ಅರ್ಧ ಕೊಯ್ದ ಬಾಗಿಲನ್ನ ಹಂಗೇ ಬಿಡೋಕಾಗುತ್ತಾ?"

"ಬೆಕ್ಕು ಬೇಡ ಅಂದವರಿಗೆ ತೂತು ಯಾಕೆ?"

"ಯಾರು ಅಂದಿದ್ದು?"

ಫೋನನ್ನು ಅವನ ಮುಖಕ್ಕೆ ಹಿಡಿದಳು. ಅವನು ಒಮ್ಮೆ ಓದಿದ. ಮತ್ತೆ ಓದಿದ. ಆಮೇಲೆ ಮೂಗಿನಲ್ಲೇ ಮಾತಾಡುವ ಕಂಠಪ್ಪನವರು ಆ ಅಂಗಳಕ್ಕೇ ಬಂದು ನಿಂತಂತಾಯಿತು.

"'ಏನಪ್ಪಾ ವಿರೂಪಾಕ್ಷ, ವರೋಪಚಾರ, ವಡವೆ... ನಿಮ್ಮ ಬೇಕು ಬೇಡ ಏನು?' ಅಂದ್ರು. ನಾನು, 'ನಮ್ಮ ಕಡೆಯಿಂದ ಬೇಕು ಬೇಡ ಏನೂ ಇಲ್ಲ' ಅಂದೆ. ಬೇಕು ಕಣ್ರೀ. ಬೆಕ್ಕಲ್ಲ."

ಆಶಾರಾಣಿ ಮಾವನ ಹಳೆಯ ಮೆಸೇಜುಗಳನ್ನು ಸರಸರನೆ ಮೇಲಕ್ಕೆ ಸರಿಸಿದಳು. 'ನಾಳೆ ಬತ್ತೀನಿ, ಎರಡು ಮುದ್ದೆ ಬೆಕ್ಕು.' 'ಗದ್ದೆಗೆ ಗೊಬ್ಬರ ಬೆಕ್ಕು.' ನಾಲ್ಕು ವರ್ಷದಿಂದ ಸೊಸೆಯ ಬೆಕ್ಕುಗಳನ್ನೇ ವಿಚಾರಿಸಿ ವಿಚಾರಿಸಿ, ಮಾವನ ಫೋನಿಗೆ ಬೇಕು ಎನ್ನುವುದೇ ಮರೆತುಹೋಗಿತ್ತು.

ನಗು ಬಂತು. ಅದರ ಹಿಂದೆಯೇ ಕಣ್ಣು ತುಂಬಿತು.

"ನೀವಾದ್ರೂ ಬಂದು ಒಂದು ಮಾತು ಕೇಳಬಾರದಿತ್ತಾ?"

"ಆಗಲ್ಲ ಅಂದ್ರಂತೆ. ಅದರಲ್ಲಿ ಒತ್ತೂ ಸರಿಯಿತ್ತು, ದೀರ್ಘವೂ ಸರಿಯಿತ್ತು. ತಿದ್ದೋಕೆ ಏನಿತ್ತು?" ಅವನ ದನಿ ಈಗ ಯಾರ ಅನುಕರಣೆಯೂ ಆಗಿರಲಿಲ್ಲ. "ಕೆಂಡ ಕಾದಿದ್ನಾ?"

"ಗೇಟಲ್ಲೇ. ಮಧ್ಯಾಹ್ನದವರೆಗೂ."

"ಅವನ ಮೇಡಮ್ಮು?"

"ಅವರು ಕಾಯಲಿಲ್ಲ. ಆಟೋ ಹತ್ತಿದ್ರು."

ವಿರೂಪಾಕ್ಷ ಗರಗಸ ಕೆಳಗಿಟ್ಟು ಎದ್ದು ನಿಂತ. "ಹಂಗಾದ್ರೆ ಬಾಯಿಬಿಟ್ಟು ಹೇಳಿಬಿಡಿ. ಬೇಕೋ, ಬೇಡ್ವೋ?"

"ಬೇಕು."

"ಒತ್ತು?"

ಮರದ ಪುಡಿ ಮೆತ್ತಿದ ಅವನ ಅಂಗೈಯನ್ನು ಹಿಡಿದು ಆಶಾರಾಣಿ ಬಲವಾಗಿ ಒತ್ತಿದಳು.

"ಕೊಟ್ಟಿದ್ದೀನಿ. ಇನ್ನು ತಿದ್ದೋ ಹಂಗಿಲ್ಲ."