ಇಬ್ಬರ ಪಾಲಿನ ಪ್ಲಾಸ್ಮಾ ಕಟರ್

"ಆ ಡಬ್ಬಿ ಬಿಡ್ರಿ! ಮೊದಲು ಕೈ ಇಟ್ಟಾಕಿ ನಾನು!"

ರಾಯಚೂರಿನ ಅಮೀರ್ ಸಾಬರ ಮಷಿನ್ ಅಂಗಡಿಯಲ್ಲಿದ್ದವರೆಲ್ಲ ಶಿವಗಂಗಾಳ ದನಿಗೆ ತಿರುಗಿ ನೋಡಿದರು. ಡಬ್ಬಿಯ ಇನ್ನೊಂದು ತುದಿ ಹಿಡಿದಿದ್ದ ಎತ್ತರದ ಹುಡುಗ ಬಿಡಲಿಲ್ಲ. ನಕ್ಕ! ಅವಳಿಗೆ ಸಿಟ್ಟು ಬಂತು... ಸಿಟ್ಟಿನ ಹಿಂದೆಯೇ ಇನ್ನೇನೋ ಬಂತು.

ದೇವದುರ್ಗದ ಮನೆಯ ಹಿತ್ತಲಲ್ಲಿ ಗೇಟು, ಕಿಟಕಿಗಳಿಗೆ ತಗಡಿನ ಹೂಬಳ್ಳಿ ಕೊರೆಯುವವಳು ಅವಳು. ಗ್ರೈಂಡರ್ ನೆಟ್ಟಗೆ ಕೊಯ್ಯುತ್ತದೆ, ಬಳ್ಳಿಯ ತಿರುವು ಬಂದರೆ ಒಲ್ಲೆ ಎನ್ನುತ್ತದೆ. ಕರೆಂಟು, ಗಾಳಿಯ ಜೋರಿಗೆ ಕಬ್ಬಿಣವನ್ನೇ ಕರಗಿಸಿ ಕೊಯ್ಯುವ ಪ್ಲಾಸ್ಮಾ ಕಟರ್ ಅದಕ್ಕೇ ಬೇಕಿತ್ತು. ಡಬ್ಬಿ ಬಿಡದ ಆ ಹುಡುಗ, ಮಾನ್ವಿಯ ಮೌನೇಶನಿಗೂ ಅದೇ ಬೇಕಿತ್ತು. ಮನೆಯ ಕರೆಂಟಿಗೇ ನಡೆಯುವ ಅಗ್ಗದ ಮಷಿನ್ ಅಂಗಡಿಯಲ್ಲಿ ಉಳಿದದ್ದು ಮಾತ್ರ ಒಂದೇ.

"ಡಬ್ಬಿ ಮ್ಯಾಲೆ ಹನ್ನೆರಡು ಎಂಎಂ ಅಂತ ಬರದದ, ನಂಬಬ್ಯಾಡ್ರಿ. ಸಾಫ್ ಕೊಯ್ಯೋದು ಅದರ ಅರ್ಧ," ಅಂದ ಮೌನೇಶ.

"ನನ್ನ ತಗಡು ಎರಡು ಎಂಎಂ. ನನ್ನ ಮನಸು ಕೆಡಸಬ್ಯಾಡ್ರಿ!"

"ಜಗಳ ಯಾಕ? ಇಬ್ಬರೂ ಕೂಡಿ ತಗೊಳ್ರಿ," ಎಂದರು ಅಮೀರ್ ಸಾಬ್, ತಮಾಷೆಗೆ.

ಇಬ್ಬರೂ ಒಪ್ಪಿಬಿಟ್ಟರು! ಗಾಳಿಯ ಕಂಪ್ರೆಸರ್ ಹೇಗೂ ಇಬ್ಬರ ಮನೆಯಲ್ಲೂ ಇತ್ತು.

ಅಂಗಡಿಯಲ್ಲೇ ಮೌನೇಶ ಮಷಿನ್ನಿನ ಕೊಯ್ಯುವ ಗನ್ ಅವಳ ಕೈಗೆ ಕೊಟ್ಟ. "ನೆಟ್ಟಗ ಹಿಡೀರಿ. ಕೈ ನಡುಗಿಸಬ್ಯಾಡ್ರಿ, ಹಗೂರ ಎಳೀರಿ." ಅವಳು ಎಳೆದ ಮೊದಲ ಗೆರೆ ಸೊಟ್ಟಗಾಯಿತು; ಕಣ್ಣು ತಗಡಿನ ಮೇಲಿದ್ದರೆ ತಾನೆ!

ಒಂದು ವಾರ ಮಾನ್ವಿ, ಒಂದು ವಾರ ದೇವದುರ್ಗ. ಸೋಮವಾರ ಸಿರವಾರದ ಬಸ್ ಸ್ಟ್ಯಾಂಡಿನಲ್ಲಿ ಮಷಿನ್ ಕೈ ಬದಲಾಗುತ್ತಿತ್ತು. ಜೊತೆಗೆ ಚಹಾ, ಮಾತು, ಬೇಕೆಂದೇ ತಪ್ಪಿಸಿಕೊಳ್ಳುವ ಬಸ್ಸು... ಸೋಮವಾರ ಬರುವುದರೊಳಗೆ ಶಿವಗಂಗಾಳಿಗೆ ಕಾದು ಕಾದು ಸಾಕುಸಾಕಾಗುತ್ತಿತ್ತು.

ಒಂದು ಸಲ ಮನೆಗೆ ಬಂದು ನೋಡಿದರೆ, ಗನ್ನಿನ ತುದಿಯ ತಾಮ್ರದ ನಾಝಲ್ ಒಂದೇ ಬದಿಗೆ ಸವೆದಿತ್ತು. ಮೌನೇಶನ ಕೈಯಲ್ಲಿ ಅದರ ತೂತು ಯಾವತ್ತೂ ದುಂಡಗೇ ಸವೆಯುತ್ತಿತ್ತು. ಇದು ಗನ್ ವಾಲಿಸಿ ಹಿಡಿದವರ ಕೆಲಸ. ಡಬ್ಬಿಯ ತಳದಲ್ಲಿ ಒಂದು ಚೂರು ಹಸಿರು ಬಳೆ!

'ಯಾರವಳು? ಅವಳಿಗೂ ಹೀಗೇ ಕೈಗೆ ಕೊಟ್ಟು ಕಲಿಸಿದನಾ?'

ಮುಂದಿನ ಸೋಮವಾರ ಕೇಳಿಯೇಬಿಟ್ಟಳು. "ಮಷಿನ್ ಬ್ಯಾರೆ ಯಾರಾದ್ರೂ ಹಿಡಿದಿದ್ರೇನ್ರಿ?"

ಮೌನೇಶ ಚಹಾದ ಕಪ್ ಕಡೆ ಕಣ್ಣು ತಗ್ಗಿಸಿದ. "ಇ... ಇಲ್ಲರಿ."

ಸುಳ್ಳು! ಪ್ಲಾಸ್ಮಾ ಕಟರಿಗಾದರೂ ಕರೆಂಟು ಬೇಕು, ಗಾಳಿ ಬೇಕು. ಹೊಟ್ಟೆಕಿಚ್ಚಿಗೆ ಏನೂ ಬೇಡ ನೋಡಿ, ತಾನೇ ಹೊತ್ತಿಕೊಳ್ಳುತ್ತದೆ! ಎರಡು ದಿನ ಉಂಡದ್ದು ಮೈಗೆ ಹತ್ತಲಿಲ್ಲ. ಮೂರನೆಯ ದಿನ ಹೇಳದೆ ಕೇಳದೆ ಮಾನ್ವಿಯ ಬಸ್ಸು ಹತ್ತಿದಳು. ಮಷಿನ್ನೂ ಬೇಡ, ಅವನೂ ಬೇಡ, ಮುಖದ ಮೇಲೆ ಹೇಳಿ ಬರುವುದೇ!

ಅವನ ಮನೆಯ ಹಿಂದಿನಿಂದ ಗಾಳಿಯ ಸುಯ್‌ ಸದ್ದು ಬರುತ್ತಿತ್ತು. ಜೊತೆಗೆ ಬಳೆಯ ಸದ್ದು, ಹೆಣ್ಣಿನ ನಗು.

"ಕೈ ನಡುಗಿಸಬ್ಯಾಡ ಬೇ. ಹಗೂರ ಎಳಿ," ಎನ್ನುತ್ತಿದ್ದ ಮೌನೇಶ.

ಅದೇ ಮಾತು! ತನಗೆ ಹೇಳಿದ್ದ ಅದೇ ಮಾತು! ಕಣ್ಣು ತುಂಬಿ ಬಂತು. ತಡಿಕೆ ಬಾಗಿಲು ದೂಡಿದಳು.

ಸೀರೆಯ ಸೆರಗು ಸಿಗಿಸಿಕೊಂಡು, ಕಪ್ಪು ಕನ್ನಡಕ ಹಾಕಿಕೊಂಡು, ಹಸಿರು ಬಳೆಯ ಕೈಯಲ್ಲಿ ಗನ್ ವಾಲಿಸಿ ಹಿಡಿದು, ತಗಡಿನ ಮುಂದೆ ಕೂತಿದ್ದವರು ಅರವತ್ತರ ಹೆಂಗಸು! ಮೌನೇಶನ ತಾಯಿ ಬಸವಂತಮ್ಮ.

"ಯಾರಪ್ಪಾ ಈಕಿ?"

ಮೌನೇಶ ಗಡಬಡಿಸಿ ಎದ್ದ. "ಶಿವಗಂಗಾ, ಬೇ..."

ಮುದುಕಿ ಕನ್ನಡಕ ಮೇಲೆತ್ತಿ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಬಾ ಯವ್ವಾ. ಕಬ್ಬಿಣ ಕೊಯ್ಯೋ ಹುಡುಗಿನ್ನ ಮದುವಿ ಮಾಡ್ಕೋತೀನಿ ಅಂದ ಇಂವ. ಅದೇನು ಹೆಣ್ಮಕ್ಕಳು ಮಾಡೋ ಕೆಲಸೇನು, ನಾ ಒಲ್ಲೆ ಅಂದೆ. ಒಮ್ಮೆ ಹಿಡಿದು ನೋಡಬೇ, ಆಮ್ಯಾಲೆ ಬ್ಯಾಡ ಅನ್ನು ಅಂದ. ಹಿಡಿದೆ... ಈಗ ಬಿಡಾಕ ಮನಸ್ಸಾಗವಲ್ದು!"

ಶಿವಗಂಗಾಳಿಗೆ ನಗು ಬಂತು, ಅಳುವೂ ಬಂತು. ಬಸವಂತಮ್ಮ ಚಹಾ ಇಡಲು ಒಳಗೆ ಹೋದರು.

"ಸುಳ್ಳು ಯಾಕ ಹೇಳಿದ್ರಿ?"

"ಅವ್ವ ಒಪ್ಪಿದ ಮ್ಯಾಲೆ ನಿಮ್ಮನ್ನ ಕೇಳೋಣು ಅಂತ ಕಾದೆ. ಅಕಿ ಒಪ್ಪದಿದ್ರ ನಿಮಗ ಸುಳ್ಳ ಆಸಿ ಹಚ್ಚಿದಂಗ ಆಕ್ಕಿತ್ತು." ಮೌನೇಶ ಹತ್ತಿರ ಬಂದ. "ನೀವ್ಯಾಕ ಇಷ್ಟು ದೂರ ಓಡಿ ಬಂದ್ರಿ? ಹೊಟ್ಟಿಕಿಚ್ಚೇನು?"

"ಹೌದು, ಹೊಟ್ಟಿಕಿಚ್ಚ! ಮಷಿನ್‌ದಾಗ ಪಾಲು ಕೊಟ್ಟೀನಿ. ನಿಮ್ಮೊಳಗ ಯಾರಿಗೂ ಪಾಲು ಕೊಡಂಗಿಲ್ಲ!"

"ನಮ್ಮವ್ವಗೂ ಇಲ್ಲೇನು?"

ಅವಳು ಕಣ್ಣೊರೆಸಿಕೊಂಡಳು.

"ಅವರಿಗೆ ಬೇಕಾದ್ರ ಪೂರಾ ಮಷಿನ್ನ ಕೊಟ್ಟುಬಿಡ್ತೀನಿ."