ಗಂಜಿಯಲ್ಲಿ ಬೆರೆತ ಪುಡಿ

"ಇದರಲ್ಲಿ ವಿಷ ಇದೆ ಅಂತ ಬರ್ಕೊಡಿ ಡಾಕ್ಟರಮ್ಮ. ಇವತ್ತೇ ಅವಳನ್ನ ತವರಿಗೆ ಅಟ್ತೀನಿ!"

ಒಳಗೆ ನುಗ್ಗಿದ ಹೆಂಗಸು ಸ್ಟೀಲ್ ಡಬ್ಬಿಯೊಂದನ್ನು ಮೇಜಿನ ಮೇಲೆ ಕುಕ್ಕಿದಳು. ಅದರಲ್ಲಿ ಆರಿ ತಣ್ಣಗಾದ ಗಂಜಿಯಿತ್ತು. ಪಕ್ಕದಲ್ಲಿ ನಿಂತಿದ್ದ ನರ್ಸಿಗೆ ಆಕೆಯ ಗುರುತು ಸಿಕ್ಕಿತು. ರೈಲು ನಿಲ್ದಾಣದ ಮೈಕಿನಲ್ಲಿ ಗಾಡಿಗಳ ಹೊತ್ತು ಹೇಳುವ ಹುಡುಗನ ತಾಯಿ.

ಡಾಕ್ಟರಮ್ಮ ಹೊಟ್ಟೆಯ ಕಾಯಿಲೆಗಳ ವೈದ್ಯೆ. ಬೀದಿಯವರು ಹಿಂದಿನಿಂದ ಅವರನ್ನು 'ಪತ್ತೇದಾರಿ' ಎಂದೇ ಕರೆಯುತ್ತಿದ್ದರು. ಅದರಲ್ಲಿ ಸುಳ್ಳೇನೂ ಇಲ್ಲವೆಂದು ವರ್ಷಗಟ್ಟಲೆ ಜೊತೆಗಿದ್ದ ನರ್ಸಿಗೆ ಗೊತ್ತಿತ್ತು.

"ಮದುವೆಯಾದಾಗಿಂದ ನನ್ನ ಮಗನ ಹೊಟ್ಟೆ ನೆಟ್ಟಗಿಲ್ಲ. ಹಿಂಡಿ ಹಿಪ್ಪೆ ಮಾಡಿದ ಹಾಗೆ ನೋವು. ಕಕ್ಕಸಿಗೆ ಓಡಿ ಬಂದ್ರೆ ಸ್ವಲ್ಪ ಆರಾಮ, ಮತ್ತೆ ಶುರು. ಸೊರಗಿ ಕಡ್ಡಿಯಾಗಿದ್ದಾನೆ. ನಿನ್ನೆ ನಾನೇ ಕಣ್ಣಾರೆ ಕಂಡೆ, ನಾನು ಬೆನ್ನು ತಿರುಗಿಸಿದ್ದೇ ತಡ, ಸೊಸೆ ಸೆರಗಿನ ಮರೆಯಿಂದ ಗಂಜಿಗೆ ಪುಡಿ ಸುರಿದಳು!"

ಡಾಕ್ಟರಮ್ಮ ಚಮಚದಿಂದ ಗಂಜಿ ಕಲಕಿದರು. ಕಂದು ಬಣ್ಣದ ತೆಳ್ಳನೆಯ ಚೂರುಗಳು ಮೇಲೆ ತೇಲಿದವು.

"ವಿಷದ ಮಾತು ಆಮೇಲೆ. ಮೊದಲು ಮಗನ್ನ ಕಳಿಸಿ. ಸೊಸೆಯನ್ನ ಮಾತ್ರ ಎಲ್ಲಿಗೂ ಕಳಿಸ್ಬೇಡಿ."

ಮಗ ಬಂದ. ನರ್ಸ್ ತೂಕ ನೋಡಿದಳು. ಕೆಲಸಕ್ಕೆ ಸೇರುವಾಗಿನ ತಪಾಸಣೆಯ ಚೀಟಿಯಲ್ಲಿ ಎಷ್ಟಿತ್ತೋ ಈಗಲೂ ಅಷ್ಟೇ ಇತ್ತು.

"ರಕ್ತ ಹೋಗುತ್ತಾ? ನೋವು ನಿದ್ದೆಯಿಂದ ಎಬ್ಬಿಸುತ್ತಾ?" ಎಂದು ಡಾಕ್ಟರಮ್ಮ ಕೇಳಿದರು.

"ಇಲ್ಲ ಮೇಡಂ. ಮಲಗಿದ್ರೆ ಅದೂ ಮಲಗುತ್ತೆ. ಎದ್ದ ಮೇಲೆ ನೋಡಿ ಅದರ ಆಟ. ಒಂದಿನ ಓಡಿಸುತ್ತೆ, ಇನ್ನೊಂದಿನ ಮುಷ್ಕರ. ಊರಿಗೆಲ್ಲ ಯಾವ ಗಾಡಿ ಯಾವಾಗ ಅಂತ ಹೇಳ್ತೀನಿ, ನನ್ನ ಹೊಟ್ಟೇದು ಮಾತ್ರ ಗೊತ್ತಾಗಲ್ಲ."

"ಮದುವೆ ಊಟ ಆದ್ಮೇಲೆ ಯಾರಿಗಾದ್ರೂ ಹೊಟ್ಟೆ ಕೆಟ್ಟಿತ್ತಾ?"

"ಅಯ್ಯೋ, ಅರ್ಧ ನೆಂಟರಿಗೆ! ಜ್ವರ, ವಾಂತಿ, ಭೇದಿ. ನಮ್ಮ ಮಾವನಿಗೆ ಗ್ಲೂಕೋಸ್ ಹಾಕಿದ್ರು. ಎಲ್ಲರೂ ಎದ್ದು ಓಡಾಡಿದ್ರು, ನಾನೊಬ್ಬ ಹೀಗೆ ಉಳ್ಕೊಂಡೆ."

ರಕ್ತ, ಮಲ ಎರಡನ್ನೂ ಪರೀಕ್ಷೆಗೆ ಕಳಿಸಿದ ಮೇಲೆ ಡಾಕ್ಟರಮ್ಮ ನರ್ಸನ್ನು ಕರೆದುಕೊಂಡು ನಿಲ್ದಾಣಕ್ಕೆ ಹೋದರು. ಮೈಕಿನ ಕೋಣೆ ಬೆಂಕಿಪೆಟ್ಟಿಗೆಯಷ್ಟಿತ್ತು. ಮೈಕಿನ ಪಕ್ಕ ಒಂದು ಗಾಜಿನ ಭರಣಿಯ ತುಂಬ ಪೆಪ್ಪರ್‌ಮಿಂಟು. ಹುಡುಗನ ಕೆನ್ನೆಯೂ ಉಬ್ಬಿತ್ತು. ಗಾಡಿ ಬರುವುದನ್ನು ಹೇಳುತ್ತಲೇ ಅವನು ಒಂದು ಕೈಯಲ್ಲಿ ಹೊಟ್ಟೆ ಒತ್ತಿ ಹಿಡಿದಿದ್ದ. ಕಕ್ಕಸು ಇದ್ದದ್ದು ಕೊನೆಯ ಪ್ಲಾಟ್‌ಫಾರ್ಮಿನ ಆಚೆ ತುದಿಯಲ್ಲಿ.

"ರಜೆಯಲ್ಲಿ ಹೇಗಿರ್ತೀಯಪ್ಪಾ?"

"ಅರ್ಧ ವಾಸಿ ಮೇಡಂ."

"ಮನೇಲೂ ಈ ಪೆಪ್ಪರ್‌ಮಿಂಟು ತಿಂತೀಯಾ?"

"ಇಲ್ಲ, ಗಂಟಲು ಒಣಗೋದು ಇಲ್ಲೇ ತಾನೆ. ಸಕ್ಕರೆ ಇಲ್ಲದ್ದು, ಅಮ್ಮನೇ ತಂದ್ಕೊಡ್ತಾಳೆ, ನನ್ನ ಹಲ್ಲು ಹುಳುಕಾಗುತ್ತೆ ಅಂತ."

ಪರೀಕ್ಷೆಯ ಫಲಿತಾಂಶ ಬಂದ ದಿನ ಡಾಕ್ಟರಮ್ಮ ಮೂವರನ್ನೂ ಕರೆಸಿದರು. ಸೊಸೆ ಗೋಡೆಗೆ ಅಂಟಿಕೊಂಡು ಕೂತಿದ್ದಳು. ಅತ್ತು ಅತ್ತು ಅವಳ ಕಣ್ಣು ಊದಿದ್ದವು. ನರ್ಸ್ ನೀರು ಕೊಟ್ಟಾಗ ಅವಳು ಲೋಟವನ್ನು ಮೊದಲು ಗಂಡನ ಕಡೆ ಚಾಚಿದಳು. ಈ ಕೈ ವಿಷ ಹಾಕಿದ್ದಲ್ಲ ಎಂದು ನರ್ಸಿಗೆ ಅನ್ನಿಸಿತು. ಆದರೆ ಪುಡಿ ಹಾಕಿದ್ದಂತೂ ನಿಜ.

"ಪುಡಿ ಏನಮ್ಮಾ ಅದು? ಗೋಧಿ ತೌಡು ತಾನೆ?" ಎಂದರು ಡಾಕ್ಟರಮ್ಮ.

ಸೊಸೆ ಹೌದೆಂದು ತಲೆಯಾಡಿಸಿದಳು. "ಹೊಟ್ಟೆ ಸರಿಹೋಗುತ್ತೆ ಅಂತ ಯಾರೋ ಹೇಳಿದ್ರು. ಅದಕ್ಕೇ ದಿನಾ ಹಾಕ್ತಿದ್ದೆ."

"ತೌಡಾ? ದನಕ್ಕಿಡೋದನ್ನ ನನ್ನ ಮಗನಿಗೆ..." ಎಂದು ತಾಯಿ ಎದ್ದು ನಿಂತಳು.

"ಹೀಗೆ ಅಂತೀರಿ ಅಂತಾನೇ ಕದ್ದು ಹಾಕಿದ್ದು ಅತ್ತೆ."

"ಕೂತ್ಕೊಳ್ಳಿ ತಾಯಿ," ಎಂದರು ಡಾಕ್ಟರಮ್ಮ. "ಗಂಜಿ ಕಲಕಿದಾಗಲೇ ತೌಡು ಕಣ್ಣಿಗೆ ಬಿತ್ತು. ಇನ್ನು ಮದುವೆ. ಆಗಿಂದ ಶುರುವಾಯ್ತು ಅಂತ ನೀವು ಸೊಸೆಯನ್ನ ಹಿಡಿದ್ರಿ. ನಾನು ಮದುವೆ ಊಟವನ್ನ ಹಿಡಿದೆ. ಆ ಸೋಂಕು ಹೋಯ್ತು, ಆದ್ರೆ ಇವನ ಕರುಳು ಬೆದರಿದ್ದು ಬೆದರಿದ ಹಾಗೇ ಉಳೀತು. ಕೆಲವರಿಗೆ ಹಾಗಾಗುತ್ತೆ. ತೂಕ ಇಳಿದಿಲ್ಲ, ರಕ್ತ ಹೋಗಿಲ್ಲ, ನಿದ್ದೆ ಕೆಟ್ಟಿಲ್ಲ, ಪರೀಕ್ಷೆಯಲ್ಲೂ ಬೇರೆ ಕಾಯಿಲೆ ಸಿಕ್ಕಿಲ್ಲ. ನೋವು ಕಕ್ಕಸಿಗೆ ಹೋಗಿ ಬಂದ್ರೆ ತಗ್ಗುತ್ತೆ. ಇದಕ್ಕೆ ಇರಿಟಬಲ್ ಬವೆಲ್ ಸಿಂಡ್ರೋಮ್ ಅಂತಾರೆ. ಸಿಡುಕು ಕರುಳು ಅನ್ನಿ."

"ಅಂದ್ರೆ ಬರೀ ನನ್ನ ಭ್ರಮೆನಾ ಮೇಡಂ?" ಎಂದು ಹುಡುಗ ಕೇಳಿದ.

"ಖಂಡಿತ ಅಲ್ಲ. ನೋವು ನಿಜ. ಅಂಥ ಕರುಳಿಗೆ ತೌಡು ಹಾಕಿದ್ದು ಗಾಯಕ್ಕೆ ಉಪ್ಪು ಉಜ್ಜಿದ ಹಾಗಾಯ್ತು. ಆದ್ರೆ ತೌಡು ರಜೆ ದಿನವೂ ಗಂಜಿಯಲ್ಲಿ ಇತ್ತಲ್ಲ, ಆವತ್ತು ಯಾಕೆ ಅರ್ಧ ವಾಸಿ? ಕೆಲಸದ ಜಾಗದಲ್ಲಿ ಇನ್ನೇನೋ ಇರ್ಬೇಕು. ಒಂದು, ಗಾಡಿ ಬರೋ ಹೊತ್ತಿಗೆ ಅವಸರ ಆದ್ರೆ ಏನು ಗತಿ ಅನ್ನೋ ಹೆದರಿಕೆ. ಎರಡು, ಪೆಪ್ಪರ್‌ಮಿಂಟು. ಸಕ್ಕರೆ ಬದಲು ಅದಕ್ಕೆ ಹಾಕೋ ಸಿಹಿ ಕೆಲವರ ಹೊಟ್ಟೆ ಉಬ್ಬಿಸಿ ಓಡಿಸುತ್ತೆ."

ತಾಯಿಯ ಮುಖ ಬಿಳಿಚಿಕೊಂಡಿತು. "ಹಾಗಾದ್ರೆ ಹಾಕಿದ್ದು ನಾನೇನಾ?"

"ಇಬ್ಬರೂ ಅಕ್ಕರೆಯಿಂದಲೇ ಹಾಕಿದ್ದು. ಅದಕ್ಕೆ ಶಿಕ್ಷೆ ಇಲ್ಲ ತಾಯಿ."

ತೌಡು, ಪೆಪ್ಪರ್‌ಮಿಂಟು ಎರಡಕ್ಕೂ ರಜೆ. ಬದಲಿಗೆ ನೀರಲ್ಲಿ ಮೆತ್ತಗಾಗುವ ಇಸಬ್‌ಗೋಲ್ ಎಂಬ ನಾರಿನ ಪುಡಿ, ಅದೂ ಸ್ವಲ್ಪದಿಂದ ಶುರು. ಹೊತ್ತಿಗೆ ಸರಿಯಾಗಿ ಊಟ, ನಡಿಗೆ, ನೋವು ಹಿಂಡಿದಾಗ ಒಂದು ಮಾತ್ರೆ. ಅಗತ್ಯ ಬಿದ್ದಾಗ ಮೈಕು ಹಿಡಿಯಲು ಇನ್ನೊಬ್ಬರನ್ನು ಕೊಡುವಂತೆ ಸ್ಟೇಷನ್ ಮಾಸ್ಟರಿಗೆ ತಾವೇ ಹೇಳುವುದಾಗಿಯೂ ಡಾಕ್ಟರಮ್ಮ ಒಪ್ಪಿಕೊಂಡರು. "ಇದು ಪೂರ್ತಿ ಹೋಗ್ದೇ ಇರಬಹುದು. ಆದ್ರೆ ಕರುಳು ಹೇಳಿದ ಮಾತು ಕೇಳೋ ಹಾಗೆ ಮಾಡಬಹುದು," ಎಂದರು.

ಎಲ್ಲರೂ ಏಳುವಷ್ಟರಲ್ಲಿ ಸೊಸೆ ಬಾಯಿ ಬಿಟ್ಟಳು. "ಅತ್ತೆ, ನಾನು ನಾಳೆ ತವರಿಗೆ ಹೋಗ್ತೀನಿ."

"ಈಗ್ಯಾಕೆ?" ಎಂದು ಗಂಡ ಗಾಬರಿಯಾದ. "ಎಲ್ಲ ಸರಿಹೋಯ್ತಲ್ಲ!"

"ನಿಮ್ಮ ಹೊಟ್ಟೇದು ಗೊತ್ತಾಯ್ತು. ವಿಷ ಹಾಕ್ದೆ ಅಂತ ಕೇರಿಯೆಲ್ಲ ಕೇಳೋ ಹಾಗೆ ಅಂದ್ರಲ್ಲ, ಅದು ಇನ್ನೂ ನನ್ನ ಕಿವೀಲಿದೆ. ಅಮ್ಮನ ಹತ್ರ ಸ್ವಲ್ಪ ದಿನ ಇದ್ದು ಸುಧಾರಿಸ್ಕೋತೀನಿ. ಕರೆಯೋಕೆ ಇವರನ್ನ ಕಳಿಸ್ಬೇಡಿ ಅತ್ತೆ."

ತಾಯಿ ಸೊಸೆಯ ಎದುರಿಗೆ ಬಂದು ನಿಂತಳು.

"ನಾನೇ ಬರ್ತೀನಿ ಕಣಮ್ಮ," ಎಂದಳು. "ನಿನಗೆ ಏನಂದೆ ಅಂತ ನಿಮ್ಮಮ್ಮನ ಮುಂದೆ ನನ್ನ ಬಾಯಿಂದಲೇ ಹೇಳ್ತೀನಿ. ಅದನ್ನ ಕೇಳಿಸ್ಕೊಂಡ ಮೇಲೂ ಬರ್ಬೇಕು ಅನ್ಸಿದ್ರೆ, ಆಗ ಬಾ."