ಏಪ್ರಿಲ್ ತಿಂಗಳ ಪ್ರತಿ

ಲೆಂಪಿ ಎಂಬ ಮುದುಕಿ ಸತ್ತ ಸುದ್ದಿ ಬಂದಂದಿನಿಂದ ಇಲ್ಪೊಗೆ ನಲ್ಲಿಯ ನೀರು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಊರಿಗೆ ನೀರು ಕೊಡುವ ಶುದ್ಧೀಕರಣ ಘಟಕದಲ್ಲಿ ಕಂಪ್ಯೂಟರುಗಳ ಹೊಣೆ ಅವನದು. ಮೇ ಕೊನೆಯಲ್ಲಿ ಕ್ಲೋರಿನ್ ಕಡಿಮೆಯಾಗಿದೆಯೆಂದು ಎಚ್ಚರಿಕೆಯ ಗಂಟೆ ಮತ್ತೆ ಮತ್ತೆ ಹೊಡೆದುಕೊಂಡಾಗ, ಸುಳ್ಳು ಗಂಟೆಯೆಂದು ಬೈದು ಅದರ ಬಾಯಿ ಮುಚ್ಚಿಸಿದವನು ಅವನೇ. ಆಮೇಲೆ ವೃದ್ಧಾಶ್ರಮದಲ್ಲಿ ಹಲವರು ಹೊಟ್ಟೆ ಕೆಟ್ಟು ಮಲಗಿದರು. ಲೆಂಪಿ ಮತ್ತೆ ಏಳಲಿಲ್ಲ. ಗಂಟೆ ನಿಲ್ಲಿಸಿದವನ ಹೆಸರು ಘಟಕದ ಕಂಪ್ಯೂಟರಿನ ಡಿಸ್ಕಿನಲ್ಲಿ ಹಾಗೇ ಕೂತಿತ್ತು.

“ಸೋಮವಾರ ಪೊಲೀಸರು ಬಂದು ಇಡೀ ಡಿಸ್ಕೇ ನಕಲು ಮಾಡ್ಕೊಂಡು ಹೋಗ್ತಾರಂತೆ,” ಕಾಫಿ ಬಗ್ಗಿಸುತ್ತ ಸಹೋದ್ಯೋಗಿ ತೈಮಿ ಹೇಳಿದಳು. “ನಾನೇ ಒತ್ತಾಯ ಮಾಡಿದೆ ಮಾರಾಯ. ಯಾರ ತಪ್ಪು ಅಂತ ಗೊತ್ತಾಗ್ಲಿ.”

“ಗೊತ್ತಾಗ್ಲಿ ಬಿಡು,” ಅಂದ ಇಲ್ಪೊ.

“ಯೂಹಾನ್ನುಸ್ ಹಬ್ಬದ ರಜಕ್ಕೆ ಎಲ್ಲಿಗೆ ಸವಾರಿ?”

“ಸರೋವರದ ಮನೆಗೆ. ಸೌನಾದಲ್ಲಿ ಬಿಸಿ ಹಬೆ, ಸಾಸೇಜು, ನಿದ್ದೆ.”

“ಪುಣ್ಯವಂತ! ಡ್ಯೂಟಿ ನನ್ನ ತಲೆಗೇ ಕಟ್ಟಿದ್ದಾರೆ ನೋಡು.”

ಆ ಮಾತಿನಲ್ಲೇ ಅವನಿಗೆ ದಾರಿ ಕಂಡಿತು.

ಡಿಸ್ಕಿನ ಬ್ಯಾಕಪ್ ತೆಗೆಯುವ, ಕೆಟ್ಟರೆ ಹಳೆಯ ಸ್ಥಿತಿಗೆ ತರುವ ಸ್ಕ್ರಿಪ್ಟುಗಳನ್ನು ಬರೆದವನು ಅವನೇ. ಏಪ್ರಿಲ್ ಪ್ರತಿಯನ್ನು ಡಿಸ್ಕಿಗೆ ಮರಳಿ ಇಳಿಸಿ, ಆಮೇಲಿನ ಪ್ರತಿಗಳನ್ನು ಅಳಿಸಿದರೆ ಮೇ ತಿಂಗಳೆಂಬುದೇ ಉಳಿಯದು. ಆಜ್ಞೆ ಹೋಗುವುದು ತೈಮಿಯ ಹೆಸರಿನಲ್ಲಿ; ಬ್ಯಾಕಪ್ ಯಂತ್ರದಲ್ಲಿ ಉಳಿಯುವುದೂ ಅದೇ ಹೆಸರು. ಅವಳ ಪಾಸ್‌ವರ್ಡ್ ಅವನಿಗೆ ಗೊತ್ತಿತ್ತು. ತನಿಖೆ ಆಗಲಿ ಎಂದು ಅವಳು ಒತ್ತಾಯಿಸಿದ್ದೆಲ್ಲ ನಾಟಕವೆಂದು ಜನ ತಾವೇ ಆಡಿಕೊಳ್ಳುತ್ತಾರೆ. ಕಾರ್ಡು ತೋರಿಸಿ ಬಾಗಿಲಿನಲ್ಲಿ ಯಾರು ಬಂದು ಹೋದರೆಂಬ ಲೆಕ್ಕವೂ ಅದೇ ಡಿಸ್ಕಿನಲ್ಲಿದ್ದುದರಿಂದ, ಅವನು ಬಂದ ಗುರುತೂ ಜತೆಗೇ ತೊಳೆದುಹೋಗುತ್ತದೆ.

ನಡುಬೇಸಿಗೆಯ ಆ ಹಬ್ಬದ ಮಧ್ಯಾಹ್ನ ಊರು ಬಿಕೋ ಎನ್ನುತ್ತಿತ್ತು. ಫೋನನ್ನು ಸರೋವರದ ಮನೆಯಲ್ಲೇ ಬಿಟ್ಟಿದ್ದ. ತಾನು ಅಲ್ಲಿದ್ದೆನೆಂಬುದಕ್ಕೆ ಅದೇ ಸಾಕ್ಷಿ. ಕಾರ್ಡು ತೋರಿಸಿ ಘಟಕದ ಹಿಂಬಾಗಿಲಿನಿಂದ ನುಸುಳಿ, ಬಂಡೆ ಕೊರೆದು ಮಾಡಿದ ನೆಲಮಾಳಿಗೆಯ ಕಂಪ್ಯೂಟರ್ ಕೋಣೆಗೆ ಇಳಿದ. ಕಬ್ಬಿಣದ ಬಾಗಿಲು ಹಿಂದೆ ಮುಚ್ಚಿಕೊಂಡಿತು.

ಸ್ಕ್ರಿಪ್ಟು ಓಡತೊಡಗಿತು. ಫ್ಯಾನುಗಳ ಸದ್ದಿನಲ್ಲಿ ಅವನಿಗೆ ಹೆಜ್ಜೆಗಳು ಕೇಳಿಸಿದವು. ಮೇಲಿನ ಮಹಡಿಯಲ್ಲಿ ಕೂತ ತೈಮಿ ಈಗ ಬಂದಳೆಂದು ಎರಡು ಸಲ ಯಂತ್ರಗಳ ಹಿಂದೆ ಅವಿತುಕೊಂಡ. ಅವಳಿಗೆ ಜೈಲಾಗಬಹುದು ಎಂಬ ಯೋಚನೆ ಬಂದಾಗ ನಿಲ್ಲಿಸುವ ಗುಂಡಿಯ ಮೇಲೆ ಬೆರಳಿಟ್ಟ; ಒತ್ತಲಿಲ್ಲ. ಕೊನೆಗೆ ತೆರೆಯ ಮೇಲೆ ‘ಮುಗಿಯಿತು’ ಎಂದು ಮೂಡಿತು.

ಹೊರಬರಲು ಕಾರ್ಡನ್ನು ಬಾಗಿಲಿಗೆ ಹಿಡಿದ. ಕೆಂಪು ದೀಪ. ಅಂಗಿಗೆ ಒರೆಸಿ ಮತ್ತೆ ಹಿಡಿದ. ಮತ್ತೆ ಕೆಂಪು. ಪಕ್ಕದ ತುರ್ತು ಗುಂಡಿಯ ಗಾಜಿನ ಪೆಟ್ಟಿಗೆ ಒಡೆದರೆ ಬಾಗಿಲೇನೋ ತೆರೆದುಕೊಳ್ಳುತ್ತದೆ, ಆದರೆ ಮೇಲೆ ತೈಮಿಯ ಬಳಿಯೂ ಅಗ್ನಿಶಾಮಕ ಠಾಣೆಯಲ್ಲೂ ಸೈರನ್ ಕೂಗುತ್ತದೆ. ಒಡೆಯದಿದ್ದರೆ ಸೋಮವಾರ ಪೊಲೀಸರೇ ಬಂದು ತೆರೆಯುತ್ತಾರೆ. ಇಲ್ಪೊ ಕಾರ್ಡನ್ನು ತಿರುಗಿಸಿ ನೋಡಿದ. ಹಳೆಯ ಕಾರ್ಡು ದೋಣಿಯಿಂದ ಜಾರಿ ಸರೋವರದ ಪಾಲಾಗಿತ್ತು. ಇದನ್ನು ಮಾಡಿಸಿಕೊಂಡದ್ದು ಮೇ ಮೊದಲ ವಾರದಲ್ಲಿ. ಡಿಸ್ಕಿನ ಜತೆ ಬಾಗಿಲೂ ಏಪ್ರಿಲ್‌ಗೆ ಹಿಂದಿರುಗಿತ್ತು. ಅಲ್ಲಿ ಈ ಕಾರ್ಡು ಇನ್ನೂ ಹುಟ್ಟಿಯೇ ಇರಲಿಲ್ಲ.